ಹೃದಯಾಘಾತದ ನಂತರ ಮತ್ತೆ ದುಡಿಮೆಗೆ

ಹೃದಯಾಘಾತದಿಂದ ಪಾರಾಗಿ ಮನೆಗೆ ಮರಳಿದ ವ್ಯಕ್ತಿಯನ್ನು ಬಹುವಾಗಿ ಕಾಡುವ ಪ್ರಶ್ನೆ 'ಇನ್ನು ಮುಂದೆ ದುಡಿಯಲು ಸಾಧ್ಯವೇ?' ಎಂಬುದಾಗಿದೆ. ಕುಳಿತು ಮಾಡುವ ಕೆಲಸದವರಿಗೆ ಇದಕ್ಕೆ ಉತ್ತರ ಬೇಗನೆ ದೊರೆಯುತ್ತದೆ. ಮೈದುಡಿಮೆಯನ್ನೇ ನಂಬಿದವರ ಸ್ಥಿತಿ ಬೇರೆ. ಹೋಟೆಲಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ಎತ್ತಿಳಿಸುವವರು, ಕಟ್ಟಡಗಳಲ್ಲಿ ಇಟ್ಟಿಗೆ ಮತ್ತು ಗಾರೆ ಹೊರುವವರು, ಮಾರುಕಟ್ಟೆಯ ಹಮಾಲರು, ಕಾರ್ಖಾನೆಯ ಪಾಳಿಯಲ್ಲಿ ನಿಂತು ದುಡಿಯುವವರು, ನೀರು ಹೊತ್ತು ಬಟ್ಟೆ ಒಗೆದು ಸಂಸಾರ ತೂಗಿಸುವ ಗೃಹಿಣಿಯರು, ಇವರೆಲ್ಲರಿಗೂ ದೇಹಶಕ್ತಿಯೇ ಬಂಡವಾಳ. ಊರು ಬಿಟ್ಟು ಪರರಾಜ್ಯದ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಲ್ಲಿ ದುಡಿಯುವ ಕೈ ಒಂದೇ ಇದ್ದಾಗ ಈ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ.

ಇಂತಹ ಸಂದರ್ಭದಲ್ಲಿ ಎರಡು ಬಗೆಯ ತಪ್ಪುಗಳು ಸಾಮಾನ್ಯ. ಕೂಲಿ ನಿಂತುಹೋದ ಚಿಂತೆಯಿಂದ ಎರಡನೆಯ ವಾರವೇ ಹೊರೆ ಹೊರಲು ಹೋಗುವುದು ಒಂದು. 'ಹೃದಯ ಒಡೆದ ಮನುಷ್ಯ ಕಡ್ಡಿಯನ್ನೂ ಎತ್ತಬಾರದು' ಎಂಬ ಭಯದಿಂದ ಮೂಲೆ ಹಿಡಿದು ಕೂರುವುದು ಇನ್ನೊಂದು. ಮೊದಲನೆಯದು ಪ್ರಾಣಕ್ಕೆ ಅಪಾಯಕಾರಿಯಾದರೆ ಎರಡನೆಯದು ಬದುಕನ್ನು ಬಡವಾಗಿಸುತ್ತದೆ. ಇವೆರಡರ ನಡುವೆ ಒಂದು ಸುರಕ್ಷಿತವಾದ, ಪರೀಕ್ಷೆಗೊಳಗಾದ ಮಾರ್ಗವಿದೆ. ಅದನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ದಕ್ಷಿಣ ಏಷ್ಯಾ ಸಂಬಂಧಿ ವರದಿ 2007ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ಭಾಗದ ಜನರಿಗೆ ಮೊದಲ ಹೃದಯಾಘಾತವಾಗುವ ಮಧ್ಯಕ ವಯಸ್ಸು 53. ಇತರ ದೇಶಗಳಲ್ಲಿ ಅದು ಸುಮಾರು 59. ಎಂದರೆ ನಮ್ಮಲ್ಲಿ ಈ ಕಾಯಿಲೆ ಅನೇಕರನ್ನು ದುಡಿಯುವ ವಯಸ್ಸಿನಲ್ಲಿಯೇ ಹಿಡಿಯುತ್ತದೆ. ಆದುದರಿಂದ ದುಡಿಮೆಗೆ ಮರಳುವ ವಿಚಾರವು ಚಿಕಿತ್ಸೆಯಷ್ಟೇ ಮಹತ್ವದ್ದಾಗಿದೆ.

ಹೃದಯದಲ್ಲಿ ಆಗುವುದೇನು?

ಹೃದಯವು ದೇಹಕ್ಕೆಲ್ಲ ರಕ್ತವನ್ನು ಒದಗಿಸುವ ಸ್ನಾಯುವಿನ ಪಂಪು. ಈ ಸ್ನಾಯುವಿಗೆ ಬೇಕಾದ ರಕ್ತವು ಕರೋನರಿ ಧಮನಿಗಳೆಂಬ ಸಣ್ಣ ರಕ್ತನಾಳಗಳ ಮೂಲಕ ಹರಿದು ಬರುತ್ತದೆ. ವರ್ಷಗಳು ಕಳೆದಂತೆ ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗುತ್ತದೆ. ಒಮ್ಮೆ ಆ ಕೊಬ್ಬಿನ ಪದರ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಮುಚ್ಚಿದ ನಾಳವನ್ನು ಅವಲಂಬಿಸಿದ ಸ್ನಾಯುಭಾಗಕ್ಕೆ ಪ್ರಾಣವಾಯು ದೊರೆಯದೆ ಅದು ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ನೀಡಿ, ಇಲ್ಲವೇ ಆಂಜಿಯೋಪ್ಲಾಸ್ಟಿಯ ಮೂಲಕ ನಾಳವನ್ನು ತೆರೆದು ಸ್ಟೆಂಟ್ ಕೂರಿಸಿ ರಕ್ತಸಂಚಾರವನ್ನು ಪುನಃ ಸ್ಥಾಪಿಸಲಾಗುತ್ತದೆ. ಚಿಕಿತ್ಸೆ ಎಷ್ಟು ಬೇಗ ದೊರೆಯಿತೋ ಅಷ್ಟು ಹೆಚ್ಚು ಸ್ನಾಯು ಉಳಿಯುತ್ತದೆ. ಸತ್ತ ಭಾಗವು ಮತ್ತೆ ಸ್ನಾಯುವಾಗಿ ಚಿಗುರುವುದಿಲ್ಲ. ಅದರ ಜಾಗದಲ್ಲಿ ಸುಮಾರು ಆರರಿಂದ ಎಂಟು ವಾರಗಳಲ್ಲಿ ಗಟ್ಟಿಯಾದ ನಾರಿನ ಕಲೆ ಮೂಡುತ್ತದೆ. ಈ ಕಲೆ ಬಲಿಯುವವರೆಗೆ ಹೃದಯದ ಮೇಲೆ ಅತಿಭಾರ ಹೇರುವುದು ಸಲ್ಲದು. ಬಲಿತ ನಂತರ ಉಳಿದ ಸ್ನಾಯುವಿನ ಶಕ್ತಿ ಎಷ್ಟಿದೆ ಎಂಬುದೇ ಮುಂದಿನ ದುಡಿಮೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಈ ಶಕ್ತಿಯನ್ನು ಎಕೋ ಪರೀಕ್ಷೆಯಿಂದ ತಿಳಿಯಬಹುದು. ಹೃದಯದ ಎಡ ಹೃತ್ಕುಕ್ಷಿಯು ಪ್ರತಿ ಬಡಿತದಲ್ಲಿ ತನ್ನಲ್ಲಿರುವ ರಕ್ತದ ಎಷ್ಟು ಭಾಗವನ್ನು ಹೊರದೂಡುತ್ತದೆ ಎಂಬುದನ್ನು ಈ ಪರೀಕ್ಷೆ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ವೈದ್ಯರು ಇದನ್ನು 'ಇ.ಎಫ್.' ಎಂದು ಕರೆಯುವರು. ಇದು ಶೇಕಡಾ 50ಕ್ಕಿಂತ ಹೆಚ್ಚಿದ್ದರೆ ಪಂಪಿನ ಶಕ್ತಿ ಚೆನ್ನಾಗಿ ಉಳಿದಿದೆ ಎಂದೂ 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಗಣನೀಯವಾಗಿ ಕುಗ್ಗಿದೆ ಎಂದೂ ತಿಳಿಯಬೇಕು. ಆಘಾತದ ಮೊದಲ ದಿನಗಳಲ್ಲಿ ಕಡಿಮೆಯಿದ್ದ ಅಂಕಿಯು ಕೆಲವು ವಾರಗಳಲ್ಲಿ ಸುಧಾರಿಸುವುದುಂಟು. ಆದಕಾರಣ ಮೊದಲ ವಾರದ ವರದಿಯನ್ನೇ ಕೊನೆಯ ತೀರ್ಪೆಂದು ಭಾವಿಸಬಾರದು.

ವಿಶ್ರಾಂತಿಯ ಬಗೆಗೆ ಬದಲಾದ ತಿಳಿವಳಿಕೆ

ಕಳೆದ ಶತಮಾನದ ಪೂರ್ವಾರ್ಧದಲ್ಲಿ ಹೃದಯಾಘಾತವಾದವರನ್ನು ಆರು ವಾರಗಳ ಕಾಲ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಊಟವನ್ನೂ ಇತರರು ತಿನ್ನಿಸಬೇಕಾಗಿತ್ತು. ಗಾಯ ಮಾಯಲು ಆರು ವಾರ ಬೇಕು, ಆದುದರಿಂದ ಆರು ವಾರವೂ ಅಲುಗಾಡದಿರುವುದೇ ಲೇಸು ಎಂಬುದು ಆ ಕಾಲದ ತರ್ಕವಾಗಿತ್ತು. 1952ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಅವರು ರೋಗಿಗಳನ್ನು ಬೇಗನೆ ಆರಾಮಕುರ್ಚಿಯಲ್ಲಿ ಕೂರಿಸುವ ಕ್ರಮವನ್ನು ಪ್ರಕಟಿಸಿದರು. ಅನೇಕರು ಆತಂಕಪಟ್ಟರೂ ಇದರಿಂದ ಕೇಡಾಗಲಿಲ್ಲ, ರೋಗಿಗಳು ಉಲ್ಲಸಿತರಾದರು.

1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ತಮ್ಮ 64ನೆಯ ವಯಸ್ಸಿನಲ್ಲಿ ಹೃದಯಾಘಾತವಾಯಿತು. ಅವರಿಗೆ ಸಲಹೆ ನೀಡಿದ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಅವರು ಹಂತಹಂತವಾದ ಚಟುವಟಿಕೆಯ ಪ್ರತಿಪಾದಕರಾಗಿದ್ದರು. ಮರುವರ್ಷ ಐಸೆನ್‌ಹೋವರ್ ಪುನಃ ಆಯ್ಕೆಯಾಗಿ 1961ರವರೆಗೆ ಅಧಿಕಾರ ನಡೆಸಿದರು. ಹೃದಯಾಘಾತವಾದ ಮೇಲೂ ಹೊಣೆಯ ಕೆಲಸ ಸಾಧ್ಯ ಎಂಬ ಅರಿವು ಜನಸಾಮಾನ್ಯರಲ್ಲಿ ಹರಡಲು ಈ ಪ್ರಸಂಗ ನೆರವಾಯಿತು.

ಹಾಸಿಗೆಯೇ ಹೇಗೆ ದೇಹವನ್ನು ಕುಗ್ಗಿಸಬಲ್ಲದು ಎಂಬುದನ್ನು 1966ರಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ಪ್ರಯೋಗವೊಂದು ತೋರಿಸಿತು. ಸುಮಾರು 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಸಂಪೂರ್ಣ ವಿಶ್ರಾಂತಿಯಲ್ಲಿರಿಸಲಾಯಿತು. ಅಷ್ಟರಲ್ಲಿ ಅವರ ದೇಹವು ಪ್ರಾಣವಾಯುವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯವು ಕಾಲುಭಾಗಕ್ಕಿಂತಲೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ವ್ಯಕ್ತಿಗಳನ್ನು ಪುನಃ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯೋಮಾನಕ್ಕಿಂತ ಆ ಮೂರು ವಾರದ ಹಾಸಿಗೆಯೇ ಅವರ ಸಾಮರ್ಥ್ಯವನ್ನು ಹೆಚ್ಚು ತಗ್ಗಿಸಿತ್ತೆಂದು ಕಂಡುಬಂದಿತು. ರೋಗಿಯು ತನ್ನ ನಿಶ್ಶಕ್ತಿಗೆಲ್ಲ ಹೃದಯವೇ ಕಾರಣವೆಂದು ತಿಳಿಯುವುದು ಸಹಜ. ಅದರ ಒಂದು ಪಾಲು ಅತಿವಿಶ್ರಾಂತಿಯಿಂದ ಬಂದದ್ದು. ಆ ಪಾಲನ್ನು ವ್ಯಾಯಾಮದಿಂದ ಮರಳಿ ಗಳಿಸಬಹುದು.

ಶ್ರಮವೇ ಶತ್ರುವೇ?

'ಅತಿಯಾಗಿ ದುಡಿದದ್ದರಿಂದಲೇ ಹೀಗಾಯಿತು' ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಇದನ್ನು ವಿವೇಚಿಸಿ ನೋಡಬೇಕು. ಲಂಡನ್ ನಗರದ ಬಸ್ ನೌಕರರನ್ನು ಕುರಿತು ಜೆರೆಮಿ ಮೋರಿಸ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಕುಳಿತಿರುತ್ತಿದ್ದ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯಾಘಾತಗಳು ಕಡಿಮೆಯಾಗಿದ್ದವು. ಕ್ರಮಬದ್ಧವಾದ ದೈಹಿಕ ಶ್ರಮ ಹೃದಯಕ್ಕೆ ಹಿತಕರ ಎಂಬ ವಿಚಾರಕ್ಕೆ ಇದು ಬಲ ನೀಡಿತು.

ಆದರೆ ಅಭ್ಯಾಸವಿಲ್ಲದ ದೇಹದ ಮೇಲೆ ಹಠಾತ್ತನೆ ಬೀಳುವ ಭಾರ ಬೇರೆಯೇ ಸಂಗತಿ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚುತ್ತದೆ. ವಾರಕ್ಕೆ ಐದು ಸಲ ಅಥವಾ ಹೆಚ್ಚು ಸಲ ಇಂತಹ ಶ್ರಮ ಮಾಡುವವರಲ್ಲಿ ಈ ಹೆಚ್ಚಳ ಎರಡೂವರೆ ಪಟ್ಟಿನೊಳಗೇ ನಿಂತರೆ, ತೀರ ಅಪರೂಪಕ್ಕೆ ಶ್ರಮಪಡುವವರಲ್ಲಿ ಅದು ನೂರು ಪಟ್ಟನ್ನೂ ದಾಟಿತು. ಎರಡು ತಿಂಗಳು ಮಲಗಿದ್ದ ಹಮಾಲ ಒಂದು ಬೆಳಗ್ಗೆ ಎದ್ದು ಮೂಟೆ ಹೊತ್ತರೆ, ಆ ಹೊತ್ತಿನಲ್ಲಿ ಅವನ ದೇಹ ಹಮಾಲನ ದೇಹವಾಗಿರುವುದಿಲ್ಲ. ಅಭ್ಯಾಸ ತಪ್ಪಿದವನ ದೇಹವಾಗಿರುತ್ತದೆ. ಹಂತಹಂತವಾಗಿ ಮರಳಬೇಕೆಂಬ ನಿಯಮದ ಹಿಂದಿರುವ ಕಾರಣ ಇದೇ.

ಮೊದಲ ವಾರಗಳು

ತೊಡಕುಗಳಿಲ್ಲದ ಹೃದಯಾಘಾತದಲ್ಲಿ ರೋಗಿಯನ್ನು ಒಂದೆರಡು ದಿನಗಳಲ್ಲಿಯೇ ಎಬ್ಬಿಸಿ ನಡೆದಾಡಿಸಲಾಗುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ಮನೆಗೆ ಕಳುಹಿಸಲಾಗುತ್ತದೆ. ಮನೆಗೆ ಬಂದ ಮೊದಲ ವಾರದಲ್ಲಿ ಸಮತಟ್ಟಾದ ನೆಲದ ಮೇಲೆ ದಿನಕ್ಕೆ ಎರಡು ಮೂರು ಬಾರಿ ಐದರಿಂದ ಹತ್ತು ನಿಮಿಷ ನಿಧಾನವಾಗಿ ನಡೆದರೆ ಸಾಕು. ತೊಂದರೆಯಿಲ್ಲದಿದ್ದಲ್ಲಿ ಕೆಲವು ನಿಮಿಷಗಳಂತೆ ಹೆಚ್ಚಿಸುತ್ತ, ನಾಲ್ಕರಿಂದ ಆರು ವಾರಗಳ ವೇಳೆಗೆ ಒಂದೇ ಬಾರಿಗೆ ಅರ್ಧ ಗಂಟೆ ನಡೆಯುವ ಮಟ್ಟಕ್ಕೆ ಬರಬಹುದು. ಊಟವಾದ ಕೂಡಲೇ ನಡೆಯಬಾರದು. ಒಂದೆರಡು ಗಂಟೆ ಬಿಡಬೇಕು. ಬಿರುಬಿಸಿಲನ್ನೂ ಕೊರೆಯುವ ಚಳಿಯನ್ನೂ ತಪ್ಪಿಸಬೇಕು. ದೆಹಲಿಯಲ್ಲಿರುವವರು ಚಳಿಗಾಲದ ಮುಂಜಾವಿನ ಬದಲು ಬಿಸಿಲೇರಿದ ಮೇಲೆ ನಡೆಯುವುದು ಒಳಿತು. ಚೆನ್ನೈ ಮತ್ತು ಹೈದರಾಬಾದಿನ ಬೇಸಿಗೆಯಲ್ಲಿ ನಸುಕಿನ ಹೊತ್ತೇ ಯೋಗ್ಯ.

ವೇಗ ಎಷ್ಟಿರಬೇಕು? ನಡೆಯುವಾಗ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅದೇ ಸರಿಯಾದ ವೇಗ. ಮಾತು ತುಂಡಾಗಿ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ಅರ್ಥ. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆಗಳನ್ನು ಅನೇಕ ರೋಗಿಗಳು ಸೇವಿಸುವುದರಿಂದ ಕೇವಲ ನಾಡಿಯ ಎಣಿಕೆಯನ್ನು ನೆಚ್ಚುವಂತಿಲ್ಲ.

ಮೆಟ್ಟಿಲು ಹತ್ತುವಾಗ ನಡುವೆ ನಿಂತು ದಣಿವಾರಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿಯಲ್ಲಿ ವಾಸಿಸುವವರು ದಿನಕ್ಕೆ ಎಷ್ಟು ಸಲ ಹತ್ತಿಳಿಯಬೇಕೆಂಬುದನ್ನು ಮೊದಲ ವಾರಗಳಲ್ಲಿ ಎಣಿಸಿ ಮಿತಗೊಳಿಸಬೇಕು. ಮಣಿಕಟ್ಟಿನ ಮೂಲಕ ಆಂಜಿಯೋಪ್ಲಾಸ್ಟಿ ಆದವರು ಸುಮಾರು ಒಂದು ವಾರ ಆ ಕೈಯಿಂದ ಭಾರ ಎತ್ತಬಾರದು. ಬೈಪಾಸ್ ಶಸ್ತ್ರಚಿಕಿತ್ಸೆಯಾದವರ ಎದೆಯ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಭಾರವಾದ ಕೆಲಸಕ್ಕೆ ಸುಮಾರು ಮೂರು ತಿಂಗಳು ಕಾಯಬೇಕಾಗುತ್ತದೆ.

ಗೃಹಿಣಿಯರ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಮನೆಗೆಲಸವನ್ನು ಕೆಲಸವೆಂದೇ ಪರಿಗಣಿಸದಿರುವುದರಿಂದ ಅವರು ಆಸ್ಪತ್ರೆಯಿಂದ ಬಂದ ಮರುದಿನವೇ ಒಲೆಯ ಮುಂದೆ ನಿಲ್ಲುವುದುಂಟು. ತುಂಬಿದ 15 ಲೀಟರಿನ ಕೊಡ 15 ಕಿಲೋಗಿಂತಲೂ ಹೆಚ್ಚು ತೂಗುತ್ತದೆ. ಗಾರೆಯ ಬಾಂಡ್ಲಿ ಹೊರುವವನಿಗೆ ನಿಷೇಧಿಸುವ ವೈದ್ಯರ ಮಾತು ಈ ಕೊಡಕ್ಕೂ ಅನ್ವಯಿಸುತ್ತದೆ ಎಂಬುದನ್ನು ಮನೆಯವರು ಮರೆಯಬಾರದು.

ಕೆಲಸದ ಭಾರವನ್ನು ಅಳೆಯುವ ಬಗೆ

ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ 'ಹೆಚ್ಚು ಶ್ರಮ ಬೇಡ' ಎಂದು ಬರೆದಿರುತ್ತದೆ. ಬರಹಗಾರನಿಗೆ ಹೆಚ್ಚೆನಿಸುವ ಶ್ರಮ ಕಲ್ಲು ಒಡೆಯುವವನಿಗೆ ಹೆಚ್ಚೆನಿಸದು. ಆದುದರಿಂದ ಶ್ರಮವನ್ನು ಅಳೆಯಲು ವೈದ್ಯಶಾಸ್ತ್ರದಲ್ಲಿ 'ಮೆಟ್' ಎಂಬ ಮಾನವನ್ನು ಬಳಸಲಾಗುತ್ತದೆ. ಸುಮ್ಮನೆ ಕುಳಿತಿರುವಾಗ ದೇಹ ಬಳಸುವ ಪ್ರಾಣವಾಯುವಿನ ಪ್ರಮಾಣವೇ 1 ಮೆಟ್. ಇದರ ನಾಲ್ಕರಷ್ಟು ಬೇಡುವ ಕೆಲಸ 4 ಮೆಟ್‌ಗಳದ್ದು.

ಸ್ಥೂಲವಾಗಿ ಹೇಳುವುದಾದರೆ, ಕುಳಿತು ಲೆಕ್ಕ ಬರೆಯುವುದು ಅಥವಾ ಯಂತ್ರದಲ್ಲಿ ಹೊಲಿಯುವುದು 2 ಮೆಟ್‌ಗಳ ಆಸುಪಾಸಿನಲ್ಲಿರುತ್ತದೆ. ನೆಲ ಗುಡಿಸಿ ಒರೆಸುವುದು ಮತ್ತು ಗಂಟೆಗೆ 5 ಕಿಲೋಮೀಟರಿನಂತೆ ನಡೆಯುವುದು 3ರಿಂದ 3.5, ಸಾಧಾರಣ ವೇಗದಲ್ಲಿ ಮೆಟ್ಟಿಲು ಹತ್ತುವುದು ಸುಮಾರು 4, ಗುದ್ದಲಿ ಸನಿಕೆಗಳಿಂದ ಅಗೆಯುವುದು 5ರಿಂದ 8, ಸುಮಾರು 20 ಕಿಲೋ ಹೊರೆಯೊಡನೆ ಮೆಟ್ಟಿಲು ಹತ್ತುವುದು 8.

ರೋಗಿಯ ಸಾಮರ್ಥ್ಯವನ್ನು ಇದೇ ಮಾನದಲ್ಲಿ ತಿಳಿಯಲು ಟ್ರೆಡ್‌ಮಿಲ್ ಪರೀಕ್ಷೆ ಇದೆ. ಚಲಿಸುವ ಪಟ್ಟಿಯ ಮೇಲೆ ರೋಗಿಯನ್ನು ನಡೆಸಿ, ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ, ಇ.ಸಿ.ಜಿ. ಮತ್ತು ರಕ್ತದೊತ್ತಡವನ್ನು ಗಮನಿಸಲಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಬ್ರೂಸ್ ಕ್ರಮದಲ್ಲಿ ಮೊದಲ ಹಂತವು ಸುಮಾರು 5, ಎರಡನೆಯದು 7, ಮೂರನೆಯದು 10 ಮೆಟ್‌ಗಳ ಶ್ರಮಕ್ಕೆ ಸಮ.

ಎಂಟು ಗಂಟೆಯ ದುಡಿಮೆಯ ಸರಾಸರಿ ಭಾರವು ವ್ಯಕ್ತಿಯ ಗರಿಷ್ಠ ಸಾಮರ್ಥ್ಯದ ಶೇಕಡಾ 40ನ್ನು ಮೀರಬಾರದು, ನಡುನಡುವೆ ಬರುವ ಅಲ್ಪಕಾಲದ ಭಾರವು ಶೇಕಡಾ 80ನ್ನು ಮೀರಬಾರದು ಎಂಬುದು ರೂಢಿಯಲ್ಲಿರುವ ಸೂತ್ರ. ಟ್ರೆಡ್‌ಮಿಲ್ ಮೇಲೆ ಯಾವ ತೊಂದರೆಯೂ ಇಲ್ಲದೆ 10 ಮೆಟ್ ತಲುಪಿದ ಗಾರೆ ಕೆಲಸಗಾರನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಿನವಿಡೀ ಅವನು ಸರಾಸರಿ 4 ಮೆಟ್‌ಗಳ ಕೆಲಸ ಮಾಡಬಹುದು. ಆಗಾಗ ಸ್ವಲ್ಪ ಹೊತ್ತು 8ರವರೆಗೂ ಹೋಗಬಹುದು. ಇಟ್ಟಿಗೆ ಕಟ್ಟುವ ಕೆಲಸ ಅವನ ಮಿತಿಯೊಳಗಿದೆ. ಪರೀಕ್ಷೆಯಲ್ಲಿ 7 ಮೆಟ್‌ಗೆ ನಿಂತವನ ಸರಾಸರಿ 2.8, ಅಲ್ಪಕಾಲದ ಮಿತಿ 5.6. ಇವನಿಗೆ ಅಗೆಯುವ, ಹೊರುವ ಕೆಲಸಗಳು ಸದ್ಯಕ್ಕೆ ಸಲ್ಲವು. ಸಾಮಗ್ರಿಯ ಲೆಕ್ಕವಿಡುವುದು, ಕಾವಲು, ಹೊಲಿಗೆ, ಹೋಟೆಲಿನ ಗಲ್ಲಾ ಮುಂತಾದವು ಹೊಂದುತ್ತವೆ. ಎರಡು ಮೂರು ತಿಂಗಳ ವ್ಯಾಯಾಮದ ನಂತರ ಮತ್ತೆ ಪರೀಕ್ಷಿಸಿದಾಗ ಈ ಮಿತಿ ಮೇಲೇರುವ ಸಾಧ್ಯತೆ ಸಾಕಷ್ಟಿದೆ.

ಸಾಮಾನ್ಯವಾಗಿ, ತೊಡಕುಗಳಿಲ್ಲದ ರೋಗಿಗಳು ಹಗುರವಾದ ಕೆಲಸಕ್ಕೆ ಎರಡರಿಂದ ನಾಲ್ಕು ವಾರಗಳಲ್ಲಿಯೂ ಭಾರವಾದ ಕೆಲಸಕ್ಕೆ ಎಂಟರಿಂದ ಹನ್ನೆರಡು ವಾರಗಳಲ್ಲಿಯೂ ಮರಳಬಹುದು. ಇ.ಎಫ್. ಕಡಿಮೆಯಿರುವವರು, ಪರೀಕ್ಷೆಯಲ್ಲಿ ಎದೆನೋವು ಬಂದವರು, ಬಡಿತದ ಲಯ ತಪ್ಪುವವರು ತಜ್ಞರ ನಿರ್ದಿಷ್ಟ ಅನುಮತಿಯಿಲ್ಲದೆ ಭಾರದ ಕೆಲಸಕ್ಕೆ ಇಳಿಯಕೂಡದು.

ಅಳತೆಗೆ ಸಿಗದ ಸಂಗತಿಗಳು

ಟ್ರೆಡ್‌ಮಿಲ್ ಪರೀಕ್ಷೆಯು ತಂಪಾದ ಕೋಣೆಯಲ್ಲಿ, ಕಾಲುಗಳ ಶ್ರಮವನ್ನು ಮಾತ್ರ ಅಳೆಯುತ್ತದೆ. ಕೈಗಳಿಂದ, ಅದರಲ್ಲೂ ಕೈಯೆತ್ತಿ ಮಾಡುವ ಕೆಲಸವು ಅಷ್ಟೇ ಪ್ರಮಾಣದ ಕಾಲಿನ ಕೆಲಸಕ್ಕಿಂತ ನಾಡಿಯನ್ನೂ ರಕ್ತದೊತ್ತಡವನ್ನೂ ಹೆಚ್ಚು ಏರಿಸುತ್ತದೆ. ದೋಸೆಯ ಕಾವಲಿಯ ಮುಂದೆ ಅಥವಾ ಕುಲುಮೆಯ ಬಳಿ ನಿಂತವನ ಹೃದಯವು ಕೆಲಸದ ಜೊತೆಗೆ ದೇಹವನ್ನು ತಣಿಸುವ ಹೊಣೆಯನ್ನೂ ಹೊರಬೇಕಾಗುತ್ತದೆ. ರಾತ್ರಿ ಪಾಳಿ, ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಗಂಟೆಗಟ್ಟಲೆ ನಿಂತು ಮಾಡುವ ಪ್ರಯಾಣ, ಮೇಸ್ತ್ರಿಯ ಅವಸರ, ಇವು ಕೂಡ ಭಾರಗಳೇ. ಆದುದರಿಂದ ಪರೀಕ್ಷೆಯ ಅಂಕಿ ಅನುಮತಿಸಿದಷ್ಟನ್ನೂ ಬಳಸದೆ ಸ್ವಲ್ಪ ಉಳಿಸಿಕೊಳ್ಳುವುದು ಜಾಣತನ.

ಭಾರ ಎತ್ತುವ ಕ್ರಮವನ್ನೂ ಕಲಿಯಬೇಕು. ಉಸಿರು ಬಿಗಿಹಿಡಿದು ತಿಣುಕಿದರೆ ರಕ್ತದೊತ್ತಡ ಕ್ಷಣಮಾತ್ರದಲ್ಲಿ ಏರುತ್ತದೆ. ಮಂಡಿ ಬಗ್ಗಿಸಿ, ಹೊರೆಯನ್ನು ಮೈಗೆ ಹತ್ತಿರ ಹಿಡಿದು, ಎತ್ತುವಾಗ ಉಸಿರನ್ನು ಹೊರಬಿಡಬೇಕು. ವೈದ್ಯರ ಒಪ್ಪಿಗೆಯ ನಂತರ ಮನೆಯಲ್ಲಿ ಒಂದು ಲೀಟರಿನ ನೀರಿನ ಬಾಟಲಿಯಿಂದ ಅಭ್ಯಾಸ ಆರಂಭಿಸಿ ವಾರವಾರಕ್ಕೂ ತೂಕವನ್ನು ಹೆಚ್ಚಿಸಬಹುದು. ಕೆಲಸಕ್ಕೆ ಮರಳಿದ ಮೇಲೂ ಮೊದಲ ಎರಡು ವಾರ ಅರ್ಧ ದಿನದ ದುಡಿಮೆ, ಒಂದೇ ಮೂಟೆಯನ್ನು ಎರಡಾಗಿ ಹಂಚಿಕೊಂಡು ಹೊರುವುದು, ಗಂಟೆಗೊಮ್ಮೆ ನೆರಳಿನಲ್ಲಿ ಕೂರುವುದು, ಇಂತಹ ಸಣ್ಣ ಏರ್ಪಾಟುಗಳಿಂದ ಬಹಳ ಉಪಯೋಗವಿದೆ.

ನಗರದಿಂದ ಸ್ವಂತ ಊರಿಗೆ ಹೋಗುವವರಿಗೆ ಒಂದು ಮಾತು. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದಾಗ ಮಾತ್ರೆ ಮುಗಿದುಹೋಗುವುದು, ಬಹುದಿನಗಳ ನಂತರ ಉತ್ಸಾಹದಿಂದ ಹೊಲಕ್ಕಿಳಿಯುವುದು, ಎರಡೂ ಒಟ್ಟಿಗೆ ಸಂಭವಿಸುತ್ತವೆ. ಊರಿನಲ್ಲಿ ಇರುವ ದಿನಗಳನ್ನು ಲೆಕ್ಕ ಹಾಕಿ, ಅದಕ್ಕಿಂತ ಒಂದು ವಾರ ಹೆಚ್ಚಿನ ಔಷಧಿ ಒಯ್ಯಬೇಕು. ಹೊಲದ ಕೆಲಸಕ್ಕೂ ನಗರದ ಕೆಲಸದ ನಿಯಮವೇ ಅನ್ವಯಿಸುತ್ತದೆ.

ಔಷಧಿ ಮತ್ತು ದುಡಿಮೆ

ಮೈಯಲ್ಲಿ ಶಕ್ತಿ ಬಂದಿತೆಂದು ಮಾತ್ರೆಗಳನ್ನು ನಿಲ್ಲಿಸುವುದು ಅತ್ಯಂತ ಅಪಾಯಕರ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್‌ನೊಂದಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಸೇವಿಸಬೇಕಾಗುತ್ತದೆ. ಇದನ್ನು ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಈ ಮಾತ್ರೆಗಳಿಂದ ಗಾಯವಾದಾಗ ರಕ್ತಸ್ರಾವ ಬೇಗ ನಿಲ್ಲುವುದಿಲ್ಲ. ಗರಗಸ, ಉಳಿ, ತಗಡು ಇವುಗಳೊಡನೆ ಕೆಲಸ ಮಾಡುವವರು ಕೈಗವಸು ಧರಿಸಬೇಕು. ಗಾಯವಾದರೆ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ರಕ್ತದೊತ್ತಡ ತಗ್ಗಿಸುವ ಮಾತ್ರೆಗಳಿಂದ ಥಟ್ಟನೆ ಎದ್ದಾಗ ತಲೆಸುತ್ತು ಬರಬಹುದು. ಸಾರುವೆ ಹತ್ತಿ ದುಡಿಯುವವರು ಇದನ್ನು ವೈದ್ಯರಿಗೆ ತಿಳಿಸಲೇಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಬಿಸಿಲಿನಲ್ಲಿ ಎಷ್ಟು ನೀರು ಕುಡಿಯಬೇಕೆಂಬುದನ್ನು ಕೇಳಿ ತಿಳಿಯಬೇಕು.

ಬೀಡಿ, ಸಿಗರೇಟುಗಳನ್ನು ಬಿಡುವುದಕ್ಕೆ ಸರಿಸಾಟಿಯಾದ ಔಷಧಿ ಕಡಿಮೆ. ಹೃದಯಾಘಾತದ ನಂತರ ಧೂಮಪಾನ ತ್ಯಜಿಸಿದವರಲ್ಲಿ ಸಾವಿನ ಸಂಭವವು ಮುಂದುವರಿಸಿದವರಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ತಂಬಾಕು ಜಗಿಯುವುದನ್ನೂ ಬಿಡಬೇಕು.

ಅಪಾಯದ ಸೂಚನೆಗಳು

ಕೆಲಸದ ನಡುವೆ ಎದೆಯಲ್ಲಿ ಬಿಗಿತ ಅಥವಾ ಒತ್ತಿದಂತಹ ನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ಅಸಹಜವಾದ ಉಬ್ಬಸ, ತಣ್ಣನೆಯ ಬೆವರು, ತಲೆಸುತ್ತು, ಎದೆ ಹೊಡೆದುಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಕೆಲಸ ನಿಲ್ಲಿಸಿ ಕುಳಿತುಕೊಳ್ಳಬೇಕು. ಹಿಡಿದ ಸಾಲು ಮುಗಿಸಿ ಬರುತ್ತೇನೆಂಬ ಹಠ ಸಲ್ಲದು. ವೈದ್ಯರು ಸಾರ್ಬಿಟ್ರೇಟ್ ಮಾತ್ರೆ ಕೊಟ್ಟಿದ್ದರೆ ಕುಳಿತೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಐದು ನಿಮಿಷಗಳಲ್ಲಿ ನೋವು ತಗ್ಗದಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯುಳ್ಳವರಲ್ಲಿ ನೋವಿಲ್ಲದೆ ಕೇವಲ ಉಬ್ಬಸ ಮತ್ತು ಬೆವರು ಕಾಣಿಸಬಹುದು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರಿದರೆ ಅಥವಾ ಪಾದಗಳು ಊದಿದರೆ ಹೃದಯ ಬಳಲುತ್ತಿರುವ ಸೂಚನೆ. ತಡಮಾಡದೆ ವೈದ್ಯರನ್ನು ಕಾಣಬೇಕು.

ಮನಸ್ಸು ಮತ್ತು ಕುಟುಂಬ

ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರನ್ನು ತೀವ್ರ ಖಿನ್ನತೆ ಬಾಧಿಸುತ್ತದೆ. ನಿದ್ರೆ ಬಾರದಿರುವುದು, ಕಾರಣವಿಲ್ಲದ ಸಿಡುಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ ಅದನ್ನು ದೌರ್ಬಲ್ಯವೆಂದು ತಳ್ಳಿಹಾಕದೆ ವೈದ್ಯರಿಗೆ ಹೇಳಬೇಕು. ಅದಕ್ಕೂ ಚಿಕಿತ್ಸೆಯಿದೆ.

ಮನೆಯವರ ಪ್ರೀತಿಯೂ ಕೆಲವೊಮ್ಮೆ ಅಡ್ಡಿಯಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ಹೃದಯಾಘಾತವಾಗಿ ಮೂರು ವಾರ ಕಳೆದ ಗಂಡಂದಿರ ಟ್ರೆಡ್‌ಮಿಲ್ ಪರೀಕ್ಷೆಯನ್ನು ಕೆಲವು ಹೆಂಡತಿಯರು ನೋಡಲಿಲ್ಲ, ಕೆಲವರು ನೋಡಿದರು, ಮತ್ತೆ ಕೆಲವರು ನೋಡಿದುದಲ್ಲದೆ ತಾವೂ ಮೂರು ನಿಮಿಷ ಅದರ ಮೇಲೆ ನಡೆದರು. ಗಂಡನ ಹೃದಯ ಎಷ್ಟು ತಾಳಬಲ್ಲದು ಎಂಬ ಭರವಸೆ ಮೂಡಿದ್ದು ತಾವೇ ನಡೆದು ನೋಡಿದವರಲ್ಲಿ. ಪರೀಕ್ಷೆಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ ಎನ್ನುವುದು ಇದರಿಂದ ದೊರೆಯುವ ಪಾಠ. ದಾಂಪತ್ಯ ಸುಖದ ಬಗ್ಗೆಯೂ ಅನೇಕರಲ್ಲಿ ಕೇಳಲಾಗದ ಭಯವಿರುತ್ತದೆ. ಎರಡು ಮಹಡಿಗಳ ಮೆಟ್ಟಿಲನ್ನು ಚುರುಕಾಗಿ, ತೊಂದರೆಯಿಲ್ಲದೆ ಹತ್ತಬಲ್ಲವರು ಸಾಮಾನ್ಯವಾಗಿ ಅಂಜಬೇಕಾಗಿಲ್ಲ.

ನಮ್ಮ ದೇಶದಲ್ಲಿ ಪುನಶ್ಚೇತನ ಕೇಂದ್ರಗಳು ಕಡಿಮೆ. ಈ ಕೊರತೆಯನ್ನು ಗಮನಿಸಿ ಯೋಗವನ್ನು ಆಧರಿಸಿದ ಕ್ರಮವೊಂದನ್ನು 24 ಆಸ್ಪತ್ರೆಗಳ 3,959 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಮೂರು ತಿಂಗಳಲ್ಲಿ 13 ತರಗತಿಗಳು ನಡೆದವು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮರು ಆಘಾತ ಮತ್ತು ಮರಣಗಳು ಕಡಿಮೆಯಾದುವೆಂದು ಖಚಿತವಾಗಿ ಹೇಳಲಾಗಲಿಲ್ಲ. ಆದರೆ ಯೋಗ ಕಲಿತವರು ತಮ್ಮ ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಸಮರ್ಥವಾಗಿ ಮರಳಿದರು; ತಮ್ಮ ಆರೋಗ್ಯ ಉತ್ತಮಗೊಂಡಿದೆಯೆಂದೂ ಹೇಳಿದರು. ಔಷಧಿಗೆ ಬದಲಾಗಿ ಅಲ್ಲ, ಔಷಧಿಯ ಜೊತೆಗೆ, ತಿಳಿದವರಿಂದ ಕಲಿತು ಇದನ್ನು ಅನುಸರಿಸಬಹುದು.

ರಜೆ, ವೇತನ ಮತ್ತು ನೆರವು

ಬೇಗನೆ ಕೆಲಸಕ್ಕೆ ಓಡುವಂತೆ ಮಾಡುವುದು ಬಹುಮಟ್ಟಿಗೆ ಹಣದ ಮುಗ್ಗಟ್ಟು. ಇ.ಎಸ್.ಐ. ವ್ಯಾಪ್ತಿಯಲ್ಲಿರುವ ಕಾರ್ಮಿಕರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ಅನಾರೋಗ್ಯ ಭತ್ಯೆ ದೊರೆಯುತ್ತದೆ. ಭಾರದ ಕೆಲಸಕ್ಕೆ ಮರಳಲು ಬೇಕಾದ ಹನ್ನೆರಡು ವಾರಗಳು ಈ ಅವಧಿಯೊಳಗೇ ಬರುತ್ತವೆ. ಹೃದಯವು ಹೆಚ್ಚು ದುರ್ಬಲಗೊಂಡವರಿಗೆ, ನಿಗದಿತ ಸೇವಾವಧಿ ಮತ್ತು ವಂತಿಗೆಯ ಷರತ್ತುಗಳಿಗೆ ಒಳಪಟ್ಟು, ಶೇಕಡಾ 80ರಂತೆ ವಿಸ್ತೃತ ಭತ್ಯೆಗೂ ಅವಕಾಶವಿದೆ. ವಿವರಗಳನ್ನು ಸಮೀಪದ ಶಾಖಾ ಕಚೇರಿಯಲ್ಲಿ ಪಡೆಯಬಹುದು. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆ ಚಿಕಿತ್ಸೆ ಉಚಿತವಾಗಿ ಲಭ್ಯ. ಕರ್ನಾಟಕದಲ್ಲಿ ಕಾರ್ಡು ಪಡೆದವರು ಯೋಜನೆ ಜಾರಿಯಲ್ಲಿರುವ ಇತರ ರಾಜ್ಯಗಳ ನೋಂದಾಯಿತ ಆಸ್ಪತ್ರೆಗಳಲ್ಲಿಯೂ ಇದನ್ನು ಬಳಸಬಹುದು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಆಯಾ ರಾಜ್ಯದ ಕಲ್ಯಾಣ ಮಂಡಳಿಗಳ ವೈದ್ಯಕೀಯ ನೆರವೂ ಇದೆ. ನಿತ್ಯದ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ವೈದ್ಯರ ಬಳಿ ಹೋದಾಗ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಇ.ಎಫ್. ಎಷ್ಟಿದೆ? ಟ್ರೆಡ್‌ಮಿಲ್ ಪರೀಕ್ಷೆ ಯಾವಾಗ? ಎಷ್ಟು ಕಿಲೋ ಭಾರವನ್ನು ಯಾವ ದಿನದಿಂದ ಎತ್ತಬಹುದು? ಯಾವ ಮಾತ್ರೆಯನ್ನು ಎಷ್ಟು ಕಾಲ ಸೇವಿಸಬೇಕು? ಉದ್ಯೋಗದ ಹೆಸರನ್ನಷ್ಟೇ ಹೇಳಿದರೆ ಸಾಲದು. 'ಹೋಟೆಲ್ ಕೆಲಸ' ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯದು. ಎಷ್ಟು ಗಂಟೆ ನಿಲ್ಲಬೇಕು, ಎಷ್ಟು ತೂಕ ಎತ್ತಬೇಕು, ಒಲೆ ಎಷ್ಟು ಹತ್ತಿರ, ಮಹಡಿ ಎಷ್ಟು ಎಂಬುದನ್ನು ವಿವರಿಸಬೇಕು. ಆ ಊರಿನ ಭಾಷೆ ಚೆನ್ನಾಗಿ ಬಾರದವರು ಬಲ್ಲವರೊಬ್ಬರನ್ನು ಕರೆದೊಯ್ದು, ಉತ್ತರಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಆ ಚೀಟಿಯನ್ನು ಮಾಲೀಕರಿಗೋ ಮೇಸ್ತ್ರಿಗೋ ತೋರಿಸಿ ಹಗುರ ಕೆಲಸ ಕೇಳುವುದು ಸುಲಭವಾಗುತ್ತದೆ.

ಎಲ್ಲರೂ ಹಿಂದಿನ ಕೆಲಸಕ್ಕೇ ಮರಳುತ್ತಾರೆಂದು ಹೇಳಲಾಗದು. ಕೆಲವರು ಹೊರೆಯ ಕೆಲಸವನ್ನು ಬಿಟ್ಟು ಬೇರೆ ಕಸುಬನ್ನು ಹಿಡಿಯಬೇಕಾಗುತ್ತದೆ. ಆದರೆ ಯಾರು ಮರಳಬಲ್ಲರು, ಯಾರು ಮರಳಲಾರರು ಎಂಬುದನ್ನು ಭಯವೂ ಬಡತನವೂ ನಿರ್ಣಯಿಸಬಾರದು. ಪರೀಕ್ಷೆ, ಅಭ್ಯಾಸ ಮತ್ತು ತಾಳ್ಮೆ ಆ ನಿರ್ಣಯವನ್ನು ಮಾಡಬೇಕು. ಹನ್ನೆರಡು ವಾರಗಳ ಶಿಸ್ತಿನಿಂದ ಮುಂದಿನ ಹಲವು ವರ್ಷಗಳ ದುಡಿಮೆ ಉಳಿಯುವುದಾದರೆ ಆ ವಾರಗಳು ವ್ಯರ್ಥವಾದವಲ್ಲ.